ಬೀಗದ ಮುಚ್ಚಳ

ಕೆಮ್ಮಲಿಲ್ಲ. ಹೊಗೆ ಉಗುಳಲಿಲ್ಲ. ಕಾಲಡಿಯ ಪೆಡಲು
ಸುಮ್ಮನೆ ನೆಲಕ್ಕಿಳಿಯಿತು,
ಮಾತಿನ ನಡುವೆ ನಿದ್ದೆಹೋದ ಅಜ್ಜಿಯ ಹಾಗೆ
ವ್ಯಾನು ರಸ್ತೆಯ ಅಂಚಿಗೆ ವಾಲಿ ನಿಂತಿತು.
ಚಿಂತಾಮಣಿ ಬಿಟ್ಟು ಹನ್ನೊಂದನೆ ಕಿಲೋಮೀಟರು,
ಬೆಳಗಿನ ಐದೂಮುಕ್ಕಾಲು.
ಹಿಂದೆ ಐದು ಮನೆಯ ರೇಷ್ಮೆಗೂಡು, ಒಂಬತ್ತು ಚೀಲ,
ಶಿಡ್ಲಘಟ್ಟದಲ್ಲಿ ಹರಾಜಿಗೆ ಮೊದಲು ಇಳಿಸಬೇಕು.

ಹತ್ತು ನಿಮಿಷ ಕೂತೆ. ಕೀ ತಿರುಗಿಸಿದರೆ
ಏನೂ ಆಗಿಲ್ಲವೆಂಬಂತೆ ಎದ್ದಿತು.
ನಾಲ್ಕು ಕಿಲೋಮೀಟರು ನಡೆದು ಮತ್ತೆ ನಿಂತಿತು,
ಅದೇ ನಾಚಿಕೆಯಿಲ್ಲದ ಮೌನ.

ಟೀ ಅಂಗಡಿಯ ಬೆಂಚು ಎದ್ದು ಬಂತು.
"ಪಂಪು ಹೋಗದೆ ಕಣಕ್ಕಾ, ಇಪ್ಪತ್ತು ಸಾವಿರ ಎತ್ತಿಟ್ಕೋ."
"ಬಂಕಿನೋರು ನೀರು ಬೆರ್ಸವ್ರೆ."
"ಹೆಂಗಸ್ರ ಕೈಗೆ ಡೀಸೆಲ್ ಗಾಡಿ ಒಗ್ಗಲ್ಲ" ಅಂದವನು
ತನ್ನ ಮೊಪೆಡ್ಡನ್ನು ತಳ್ಳಿಕೊಂಡೇ ಬಂದಿದ್ದ.

ಬಾಬಾಜಾನ್ ಬಂದಾಗ ಆರೂವರೆ.
ಅವನ ಎಡಗಿವಿ ಕೇಳದು, ಬಲಗಿವಿಯೂ ಅರ್ಧಂಬರ್ಧ.
ಉದ್ದ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ ಊರಿ
ಹಿಡಿಯನ್ನು ಹಲ್ಲಲ್ಲಿ ಕಚ್ಚಿ ಕೂರುತ್ತಾನೆ,
ಶಬ್ದ ಅವನಿಗೆ ದವಡೆಯಿಂದ ಬರುತ್ತದೆ.
ಇವತ್ತು ಸ್ಕ್ರೂಡ್ರೈವರು ಚೀಲದಲ್ಲೇ ಇತ್ತು.
ಮೊದಲು ಬಿಚ್ಚಿದ್ದು ನನ್ನನ್ನು.

"ಜಗ್ಗಿ ನಿಂತ್ತಾ, ಸೊರಗಿ ನಿಂತ್ತಾ?"
ಕೈಯನ್ನು ಮೆಲ್ಲಗೆ ಕೆಳಗಿಳಿಸಿ ತೋರಿಸಿದೆ.
"ಹೊಗೆ?" ತಲೆಯಾಡಿಸಿದೆ.
"ಬಿಟ್ರೆ ತಾನೇ ಏಳ್ತದಾ?" ಹೂಂ.
"ಹಂಗಾದ್ರೆ ಸತ್ತಿಲ್ಲ" ಅಂದ,
"ಸತ್ತದ್ದು ಹತ್ನಿಮಿಷ ಮಲಗಿ ಏಳಲ್ಲ."

ಸೀಟು ಎತ್ತಿದ. ಫಿಲ್ಟರಿನ ನೆತ್ತಿಯ ಮೇಲೆ
ಕೈಪಂಪಿನ ಕರಿಗುಂಡಿ. ಹೆಬ್ಬೆರಳಲ್ಲಿ ಅದುಮಿದ.
ಇಳಿದದ್ದು ಮೇಲೇಳಲಿಲ್ಲ.
ಅವನ ಮುಖ ಅರಳಿತು.
"ಆ ಕಡೆಯಿಂದ ಯಾರೋ ಎಳಕೊಂಡವ್ರೆ."
ಪೈಪಿನ ಗುಂಟ ಬೆರಳಾಡಿಸುತ್ತ, ಮಂಡಿಯೂರಿ,
ಟ್ಯಾಂಕಿನ ತನಕ ತೆವಳಿದ.
"ಈ ಬೀಗ ಯಾವಾಗ ಬಂತು?"

ಹೋದ ವಾರ. ರಾತ್ರಿಹೊತ್ತು ಯಾರೋ ಡೀಸೆಲ್ ಇಳಿಸುತ್ತಿದ್ದರು.
ಇನ್ನೂರ ಎಂಬತ್ತು ಕೊಟ್ಟು ಹಾಕಿಸಿದೆ, ಹೊಸದು,
ಬಿಗಿ ಅಂದರೆ ಬಿಗಿ, ಒಂದು ಹನಿ ತುಳುಕದು.
ಅಂಗಡಿಯವನಿಗೆ ಎರಡು ಸಲ ಕೇಳಿದ್ದೆ, ಬಿಗಿ ತಾನೇ ಅಂತ.

ಕೀ ಹಾಕಿ ತಿರುವಿದ.
ಹ್ಸ್ಸ್ ಎಂದು ಗಾಳಿ ಒಳಗೆ ನುಗ್ಗಿತು. ತಗಡು ಟಕ್ಕೆಂದಿತು.
ಬಾವಿಯಲ್ಲಿ ಮುಳುಗಿದ ಹುಡುಗ ಮೇಲೆದ್ದು
ಬಾಯಿ ತೆರೆದ ಹಾಗೆ.
ಅವನಿಗೆ ಕೇಳಿಸಿತೋ ಇಲ್ಲವೋ. ತೂತಿಗೆ ಅಂಗೈ ಒತ್ತಿ
ಆ ಎಳೆತ ನೋಡಿಕೊಂಡ,
ನನ್ನ ಕೈಯನ್ನೂ ಹಿಡಿದು ಅಲ್ಲಿಟ್ಟ.

ಟ್ಯಾಂಕಿಗೆ ಉಸಿರುಕೊಳವೆ ಅಂತ ಒಂದಿರುತ್ತದಂತೆ,
ಕಿರುಬೆರಳಿಗಿಂತ ಸಪೂರ.
ಸೈಕಲ್ಲಿನ ಕಡ್ಡಿಯಿಂದ ಕೆದಕಿದ. ಮಣ್ಣುದುರಿತು,
ಆಮೇಲೆ ಇಡಿಯಾಗಿ ಒಂದು ಉಂಡೆ: ಕಡಜದ ಗೂಡು.
ಯಾವ ಬೇಸಿಗೆಯಲ್ಲಿ ಮೊದಲು ಕಟ್ಟಿತೋ.
ಹಳೆಯ ಮುಚ್ಚಳ ಸಡಿಲವಿತ್ತಲ್ಲ,
ಕಳ್ಳನಿಗೆ ದಾರಿಯಾದ ಸಂದಿಯಲ್ಲೇ
ನನ್ನ ಗಾಡಿ ಇಷ್ಟು ದಿನ ಉಸಿರಾಡಿತ್ತು.

"ಗೂಡಿನ ಗಾಡಿಗೆ ಗೂಡೇ ಅಡ್ಡ ಬಂತಲ್ಲಾ" ಅಂತ ಬೆಂಚು ನಕ್ಕಿತು.
ಮೊಪೆಡ್ಡಿನವನು ಬಗ್ಗಿ ನೋಡಿದ, ಮಾತಾಡಲಿಲ್ಲ.
ಉಂಡೆಯೊಳಗೆ ನಾಲ್ಕು ಜೇಡ, ಸತ್ತೂ ಇಲ್ಲ, ಬದುಕಿಯೂ ಇಲ್ಲ.
ನಡುವೆ ಅಕ್ಕಿಕಾಳಿನಷ್ಟು ಬಿಳಿ ಹುಳ.
ಎಲ್ಲಿಡಬೇಕೋ ತಿಳಿಯದೆ ಸ್ಟೇರಿಂಗಿನ ಮುಂದೆ ಇಟ್ಟುಕೊಂಡೆ.

ಬಾಬಾಜಾನ್ ಕೊಳವೆಯ ಬಾಯಿಗೆ
ಸೊಳ್ಳೆಪರದೆಯ ಚೂರು ಕಟ್ಟಿದ. ನೂರ ಇಪ್ಪತ್ತು ತಗೊಂಡ,
ಟೀ ಕಾಸು ಬೇರೆ.

ಮಾರ್ಕೆಟ್ಟು ಸೇರಿದಾಗ ಒಳ್ಳೆಯ ಜಾಗವೆಲ್ಲ ತುಂಬಿತ್ತು.
ಪಿಳ್ಳಗುರಪ್ಪನ ಚೀಲವನ್ನು ಮೂಲೆಯ ತಟ್ಟೆಗೆ ಸುರಿದೆ.
ರೀಲರೊಬ್ಬ ಒಂದು ಗೂಡು ಆರಿಸಿ,
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ,
ಕಣ್ಣು ಮುಚ್ಚಿ, ಇನ್ನೊಮ್ಮೆ.
ನಾನು ಅವನ ದವಡೆಯನ್ನೇ ನೋಡುತ್ತ ನಿಂತೆ.